ಡುಬ್ಬರು, ಚಿಮ್ಮರು ಹಾಗೂ ಸೊರಟೂರ ಕೈಪಂಪಿನ ಹಿಡಿಕೆ

ಸಂಖ್ಯೆ: ಶಿರ/ಸಿಬ್ಬಂದಿ/ಗ್ರಹಾಂತರ/೭/೮೩-೮೪
ಶಿರಹಟ್ಟಿ, ದಿನಾಂಕ: ೧೨-೧೨-೧೯೮೩

ಸುತ್ತೋಲೆ

ವಿಷಯ: ಕಚೇರಿ ವೇಳೆಯಲ್ಲಿ ಅನ್ಯಗ್ರಹದ ಜನಾಂಗಗಳ ಪರವಾಗಿ ಯುದ್ಧ ಮಾಡುವುದನ್ನು ನಿರ್ಬಂಧಿಸುವ ಹಾಗೂ ಸೊರಟೂರ ಕೈಪಂಪಿನ ಹಿಡಿಕೆಯ ವಿತರಣೆಯನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: ೧) ಗದಗಿನಿಂದ ಪ್ರತಿ ಗುರುವಾರ ಬಸ್ಸಿನಲ್ಲಿ ಬರುವ ವಾರಪತ್ರಿಕೆಯ ಕೊನೆಯ ಪುಟ. ೨) ಇದೇ ವಿಷಯದ ಹಿಂದಿನ ಸುತ್ತೋಲೆ (ಅದರ ಮೇಲೆ ಯಾರೋ ರಾಕೆಟ್ ಬರೆದಿರುವುದರಿಂದ ಓದಲು ಬರುತ್ತಿಲ್ಲ).

೧. ಬೆಟಗೇರಿಯಲ್ಲಿ ಅಂಗಡಿ ಬೋರ್ಡು ಬರೆಯುವ ಶ್ರೀ ರಹಮಾನಸಾಬ ಇವರು ಸದರಿ ವಾರಪತ್ರಿಕೆಗೆ ಬರೆಯುತ್ತಿರುವ ಚಿತ್ರಕಥೆಯಲ್ಲಿ, ಬೆನ್ನ ಮೇಲೆ ಡುಬ್ಬವುಳ್ಳ ‘ಡುಬ್ಬರು’ ಹಾಗೂ ಸ್ಪ್ರಿಂಗಿನ ಕಾಲುಳ್ಳ ‘ಚಿಮ್ಮರು’ ಎಂಬ ಎರಡು ಜನಾಂಗಗಳು ನೇರಳೆ ಚಂದ್ರನಿಗಾಗಿ ಕಾದಾಡುತ್ತಿರುವುದು ಎಲ್ಲ ಸಿಬ್ಬಂದಿಗೂ ತಿಳಿದ ಸಂಗತಿ. ತಿಳಿಯದವರಿಗೆ ತಿಳಿಸಲು ಕಚೇರಿ ವೇಳೆಯನ್ನು ಬಳಸತಕ್ಕದ್ದಲ್ಲ.

೨. ಮಂಜೂರಾತಿ ಗುಮಾಸ್ತರಾದ ಲಕ್ಷ್ಮೇಶ್ವರದ ಶ್ರೀ ಗೋಣೆಪ್ಪ ಇವರು ಡುಬ್ಬರ ಪರವೆಂದೂ, ಉಗ್ರಾಣದ ಕೀಲಿ ಹೊಂದಿರುವ ಮುಂಡರಗಿಯ ಶ್ರೀಮತಿ ಸುಗ್ರಾಬಿ ಇವರು ಚಿಮ್ಮರ ಪರವೆಂದೂ ವಿಚಾರಣೆಯಿಂದ ಕಂಡುಬಂದಿದೆ. ಮೊದಲು ಸದರಿಯವರು ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಕುಳಿತು, ಇವರ ಬದನೆಕಾಯಿ ಪಲ್ಯ ಅವರಿಗೆ, ಅವರ ಶೇಂಗಾ ಹಿಂಡಿ ಇವರಿಗೆ ಕೊಟ್ಟು ಊಟ ಮಾಡುತ್ತಿದ್ದರು. ಚಿಮ್ಮರು ನೇರಳೆ ಚಂದ್ರನನ್ನು ವಶಪಡಿಸಿಕೊಂಡ ಗುರುವಾರದಂದು ಶ್ರೀಮತಿ ಸುಗ್ರಾಬಿ ಇವರು ನಕ್ಕರೆಂದೂ, ಆ ಕ್ಷಣವೇ ಶ್ರೀ ಗೋಣೆಪ್ಪ ಇವರು ತಮ್ಮ ಮೇಜನ್ನು ಎದುರು ಗೋಡೆಗೆ ಎಳೆದುಕೊಂಡು ಹೋದರೆಂದೂ ವರದಿಯಾಗಿದೆ. ಎಳೆದಾಗ ಮೇಜಿನ ಒಂದು ಕಾಲು ಮುರಿದಿದ್ದು, ಅದನ್ನು ಯುದ್ಧಹಾನಿಯೆಂದು ಪರಿಗಣಿಸಲು ಬರುವುದಿಲ್ಲ.

೩. ಉಳಿದ ಸಿಬ್ಬಂದಿಯೂ ಎರಡು ಪಾಳೆಯವಾಗಿರುವುದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಅಂಗಿಯೊಳಗೆ ತಲೆದಿಂಬು ಇಟ್ಟುಕೊಂಡು ಕಚೇರಿಗೆ ಬರತಕ್ಕದ್ದಲ್ಲ. ಹುಟ್ಟಿನಿಂದ ಡುಬ್ಬವಿದ್ದವರು ವೈದ್ಯರ ಪ್ರಮಾಣಪತ್ರ ತರತಕ್ಕದ್ದು.

(ಆ) ಕಚೇರಿಯಲ್ಲಿರುವ ಏಕೈಕ ಸ್ಪ್ರಿಂಗ್ ಕುರ್ಚಿಯು ಸರಕಾರದ ಆಸ್ತಿಯೇ ಹೊರತು ಚಿಮ್ಮರ ಸಿಂಹಾಸನವಲ್ಲ.

(ಇ) ಡುಬ್ಬರ ಸೇನಾಪತಿ ಮಡಿದ ನಿಮಿತ್ತ ಸಾಂದರ್ಭಿಕ ರಜೆ ಕೊಡಲಾಗದು. ಈಗಾಗಲೇ ಪಡೆದವರು, ಸೇನಾಪತಿ ಮರುವಾರ ಎದ್ದು ಕುಳಿತಿರುವುದರಿಂದ, ಆ ರಜೆಯನ್ನು ಮರಳಿಸತಕ್ಕದ್ದು.

(ಈ) ಪತ್ರಿಕೆಯು ಕಪ್ಪುಬಿಳುಪಿನಲ್ಲಿ ಅಚ್ಚಾಗುತ್ತಿರುವುದರಿಂದ ಚಿಮ್ಮರ ಬಣ್ಣ ಹಸಿರೋ ಅರಿಶಿಣವೋ ಎಂಬ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳತಕ್ಕದ್ದಲ್ಲ.

೪. ಕಚೇರಿಯ ಮುಖ್ಯಸ್ಥರು ಯಾವ ಪಾಳೆಯಕ್ಕೂ ಸೇರಿದವರಲ್ಲ. ಅವರ ಚಹಾದ ಕಪ್ಪಿನ ಮೇಲಿರುವ ಡುಬ್ಬರ ಚಿತ್ರವು ತೊಳೆದರೂ ಹೋಗುತ್ತಿಲ್ಲ.

೫. ಈಗ ಹಿಡಿಕೆಯ ವಿಷಯ. ಸೊರಟೂರಿನ ಕೈಪಂಪಿನ ಹಿಡಿಕೆ ಮುರಿದ ಬಗ್ಗೆ ಅದೇ ಊರಿನ ಶ್ರೀಮತಿ ಅಮೃತವ್ವ ಇವರು, ತಾಲೂಕಿನ ಕೈಪಂಪುಗಳ ದುರಸ್ತಿ ನೋಡಿಕೊಳ್ಳುವ ಈ ಕಚೇರಿಗೆ ಅರ್ಜಿ ಕೊಟ್ಟಿದ್ದರು. ಓಣಿಯ ಹೆಣ್ಣುಮಕ್ಕಳು ದೂರದ ತೋಟದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದು, ಒಬ್ಬ ಬಸುರಿ ಹೆಂಗಸು ದಾರಿಯಲ್ಲಿ ಜಾರಿ ಬಿದ್ದ ಸಂಗತಿಯನ್ನೂ ಅರ್ಜಿಯಲ್ಲಿ ನಮೂದಿಸಲಾಗಿತ್ತು. ಹೊಸ ಹಿಡಿಕೆಯು ಈ ಕಚೇರಿಯ ಉಗ್ರಾಣದಲ್ಲಿಯೇ ಇತ್ತು. ಶ್ರೀ ಗೋಣೆಪ್ಪ ಇವರು ಮಂಜೂರಾತಿ ಬರೆದರಾದರೂ, ಚಂದ್ರನನ್ನು ಬಿಟ್ಟುಕೊಡುವ ತನಕ ಅದನ್ನು ಶತ್ರುವಿನ ಮೇಜಿಗೆ ಕಳಿಸಲು ಒಪ್ಪಲಿಲ್ಲ. ಮಂಜೂರಾತಿ ಇಲ್ಲದೆ ಶ್ರೀಮತಿ ಸುಗ್ರಾಬಿ ಇವರು ಹಿಡಿಕೆ ಕೊಡಲಿಲ್ಲ. ಶ್ರೀಮತಿ ಅಮೃತವ್ವ ಇವರು ಬಂದಾಗಲೆಲ್ಲ ಉಗ್ರಾಣದ ಕಿಟಕಿಯಿಂದ ಹಿಡಿಕೆಯನ್ನು ನೋಡಿ, ಮರಳಿ ಬಸ್ಸು ಹತ್ತಿ ಹೋಗುತ್ತಿದ್ದರು.

೬. ಕಳೆದ ಸೋಮವಾರ ಶ್ರೀಮತಿ ಅಮೃತವ್ವ ಇವರು ಬಂದು ಕಚೇರಿಯ ನಡುವೆ ನೆಲದ ಮೇಲೆ ಕುಳಿತು, “ಇವತ್ತ ನಾ ಹೋಗಾಂಗಿಲ್ಲ. ಏನ್ ಜಗಳ ನಿಮ್ದು, ಹೇಳ್ರಿ, ಕೇಳ್ತೀನಿ” ಎಂದರು. ಎರಡೂ ಪಾಳೆಯದವರು ಯುದ್ಧದ ಕಾರಣಗಳನ್ನು ಮೊದಲಿನಿಂದ ವಿವರಿಸಿದರು. ಎಲ್ಲವನ್ನೂ ಕೇಳಿದ ಮೇಲೆ ಸದರಿಯವರು ವಿಚಾರಿಸಿದ್ದು ಇಷ್ಟೇ: “ಆ ಚಂದ್ರನ ಮ್ಯಾಲೆ ನೀರ್ ಐತೇನ್ರಿ?”

೭. “ಐತಿ, ನಾ ನೋಡೇನಿ” ಎಂದು ಶ್ರೀ ಗೋಣೆಪ್ಪ ಇವರೂ, “ಎಲ್ಲೈತ್ರಿ? ತೋರಸ್ರಿ ನೋಡೂಣು” ಎಂದು ಶ್ರೀಮತಿ ಸುಗ್ರಾಬಿ ಇವರೂ ವಾದಿಸಿದರು. ಹಳೆಯ ಸಂಚಿಕೆಗಳು ಉಗ್ರಾಣದಲ್ಲಿ ಇದ್ದುದರಿಂದ ಶ್ರೀಮತಿ ಸುಗ್ರಾಬಿ ಇವರು ಬಾಗಿಲು ತೆರೆದು ಕಟ್ಟುಗಳನ್ನು ಹೊರಗೆ ತಂದರು. ಮುಖ್ಯಸ್ಥರೂ ಸೇರಿ ಎಲ್ಲರೂ ಒಂದೇ ಮೇಜಿಗೆ ಬಾಗಿ ನೀರು ಹುಡುಕಿದರು. ಒಂದು ಚಿತ್ರದಲ್ಲಿ ಕೆರೆಯಂತೆ ಕಂಡದ್ದು, ಬೆಳಕಿಗೆ ಹಿಡಿದು ನೋಡಲಾಗಿ, ಎಣ್ಣೆಯ ಕಲೆಯಾಗಿತ್ತು.

೮. ತಲೆ ಎತ್ತಿ ನೋಡಲಾಗಿ, ಉಗ್ರಾಣದ ಬಾಗಿಲು ತೆರೆದೇ ಇತ್ತು. ಹಿಡಿಕೆ ಇರಲಿಲ್ಲ. ಶ್ರೀಮತಿ ಅಮೃತವ್ವ ಇವರೂ ಇರಲಿಲ್ಲ. ಬಸ್ಸಿನ ಕಂಡಕ್ಟರರು ನಂತರ ತಿಳಿಸಿದಂತೆ, ಉದ್ದನೆಯ ಕಬ್ಬಿಣವನ್ನು ಹೆಗಲ ಮೇಲಿಟ್ಟು ಹತ್ತಿದ ಸದರಿಯವರಿಗೆ “ಏನಬೇ ಇದು?” ಎಂದು ಕೇಳಿದ್ದಕ್ಕೆ, “ಯುದ್ಧದಾಗ ಸಿಕ್ಕಿದ್ದು, ನೀ ಟಿಕೀಟ ಹರೀ” ಎಂಬ ಉತ್ತರ ಬಂದಿದೆ.

೯. ಸರಕಾರಿ ವಸ್ತು ಕಾಣೆಯಾದ ಬಗ್ಗೆ ಪೊಲೀಸರಿಗೆ ಬರೆಯುವುದು ಮುಖ್ಯಸ್ಥರ ಕರ್ತವ್ಯ. ಅವರು ಕಾಗದ ತೆಗೆದುಕೊಂಡು ಬರೆಯಲು ಕುಳಿತಾಗ ಶ್ರೀ ಗೋಣೆಪ್ಪ ಇವರು ಎದುರು ನಿಂತು, “ಸಾಹೇಬ್ರ, ಮಂಜೂರಿ ನಾನ ಕೊಟ್ಟೇನ್ರಿ. ಆಕಿದೇನೂ ತಪ್ಪಿಲ್ಲ” ಎಂದು ಹೇಳಿಕೆ ನೀಡಿದರು. ಹಾಗಾದರೆ ಉಗ್ರಾಣದಿಂದ ಹೊರಗೆ ಕೊಟ್ಟವರು ಯಾರೆಂದು ಕೇಳಲಾಗಿ, ಸದರಿಯವರು ತಾವು ಬರೆದಿಟ್ಟಿದ್ದ ಮಂಜೂರಾತಿಯನ್ನೇ ಮುಂದೆ ಹಿಡಿದರು. ಆಗ ಹಿಂದಿನಿಂದ ಶ್ರೀಮತಿ ಸುಗ್ರಾಬಿ ಇವರು, “ನಾನ ಕೊಟ್ಟೇನ್ರಿ. ಅವರು ಮಂಜೂರಿ ಕೊಟ್ರು, ನಾ ಕೈಯಾರೆ ಎತ್ತಿ ಕೊಟ್ಟೆ. ಖರೆ” ಎಂದರು. ಇಬ್ಬರೂ ಇಡೀ ಹೊತ್ತು ಮುಖ್ಯಸ್ಥರ ಪಕ್ಕದಲ್ಲಿಯೇ ನಿಂತು ನೀರು ಹುಡುಕುತ್ತಿದ್ದುದು ಮುಖ್ಯಸ್ಥರಿಗೆ ಗೊತ್ತಿದೆ.

೧೦. ಆದಾಗ್ಯೂ ಎರಡೂ ಹೇಳಿಕೆಗಳನ್ನು ಸೇರಿಸಿ ಟಾಚಣಿ ಪಿನ್ನು ಚುಚ್ಚಿ ನೋಡಲಾಗಿ, ನಿಯಮದ ಪ್ರಕಾರ ನಡೆದ ಸಂಪೂರ್ಣ ವಿತರಣೆಯೊಂದು ಕಂಡುಬಂದಿರುತ್ತದೆ. ಈ ಕಚೇರಿಯಲ್ಲಿ ಇಷ್ಟು ಕ್ರಮಬದ್ಧವಾದ ವಿತರಣೆ ಈ ಮೊದಲು ಆಗಿರುವುದಿಲ್ಲ. ಪೊಲೀಸರಿಗೆ ಬರೆಯಲು ತೆಗೆದ ಕಾಗದದಲ್ಲಿ ಇದೇ ಸುತ್ತೋಲೆಯನ್ನು ಬರೆಯಲಾಗಿದೆ.

೧೧. ಶುಕ್ರವಾರ ಮುಖ್ಯಸ್ಥರು ಸದರಿ ಇಬ್ಬರೊಂದಿಗೆ ಸೊರಟೂರಿಗೆ ಹೋಗಿ ಸ್ಥಳ ಪರಿಶೀಲಿಸಿದರು. ಹಿಡಿಕೆ ಕೂಡಿಸಲಾಗಿದ್ದು, ಪಂಪಿನ ಸುತ್ತ ಕೊಡಗಳ ಸಾಲು ಇತ್ತು. ಶ್ರೀಮತಿ ಅಮೃತವ್ವ ಇವರು ಪಂಪು ಹೊಡೆದು, “ಬರ್ರಿ, ಬೊಗಸಿ ಹಿಡೀರಿ” ಎಂದು ಮೂವರಿಗೂ ನೀರು ಕೊಟ್ಟು, ಯುದ್ಧದಲ್ಲಿ ಕಡೆಗೆ ಗೆದ್ದವರು ಯಾರೆಂದು ವಿಚಾರಿಸಿದರು. ಬಾಯಿತುಂಬ ನೀರಿದ್ದುದರಿಂದ ಇಲಾಖೆಯ ಪರವಾಗಿ ಯಾರೂ ಉತ್ತರಿಸಲಿಲ್ಲ.

ಮೇಲಿನಂತೆ ಎಲ್ಲರೂ ನಡೆದುಕೊಳ್ಳತಕ್ಕದ್ದು. ನಡೆದುಕೊಳ್ಳಲಾಗದವರು ಗುರುವಾರದ ಬದಲು ಭಾನುವಾರ ಯುದ್ಧ ಮಾಡತಕ್ಕದ್ದು.

ಸಹಿ/-
(ಚನ್ನಬಸವಣ್ಣ)
ಕಚೇರಿಯ ಮುಖ್ಯಸ್ಥರು

ಪ್ರತಿಗಳು:
೧. ಶ್ರೀ ಗೋಣೆಪ್ಪ ಹಾಗೂ ಶ್ರೀಮತಿ ಸುಗ್ರಾಬಿ. ಇಬ್ಬರಿಗೂ ಸೇರಿ ಒಂದೇ ಪ್ರತಿ, ಬೆಂಚಿನ ಮೇಲೆ ಇಡಲಾಗಿದೆ.
೨. ಶ್ರೀಮತಿ ಅಮೃತವ್ವ, ಸೊರಟೂರ. ಹಿಡಿಕೆಗೆ ತಿಂಗಳಿಗೊಮ್ಮೆ ಎಣ್ಣೆ ಬಿಡುವ ಕೋರಿಕೆಯೊಂದಿಗೆ.
೩. ಗದಗ, ಲಕ್ಷ್ಮೇಶ್ವರ ಹಾಗೂ ಮುಂಡರಗಿಯ ಕಚೇರಿಗಳು. ಅಲ್ಲಿಯೂ ಪಾಳೆಯಗಳಿದ್ದರೆ ಉಗ್ರಾಣದ ಬಾಗಿಲು ತೆರೆದಿಡುವ ಸಲುವಾಗಿ.
೪. ಶ್ರೀ ರಹಮಾನಸಾಬ, ಬೆಟಗೇರಿ. ನೇರಳೆ ಚಂದ್ರನ ಮೇಲೆ ತುರ್ತಾಗಿ ಒಂದು ಬೋರು ಹಾಕಿಸಿಕೊಡಬೇಕೆಂದು ಕೋರಿ.