ಅಪ್ಪನ ಕೋಟಿನಂಥದೇ ಇನ್ನೊಂದು

ಸಂಸಾರಸ್ಥ ಮನೆಗೆ ಏನು ತಂದರೂ ಬಾಗಿಲಲ್ಲೇ ವಿಚಾರಣೆ ಆಗುತ್ತದೆ. ಹಳೇ ಬಟ್ಟೆ ಅಂಗಡಿಯಿಂದ ನಾನು ಆ ಕೋಟು ತಂದ ದಿನವೂ ಆಯಿತು.

"ಏನ್ರೀ ಇದು? ಕೋಟೋ, ಕುರಿಯೋ?" ಎಂದಳು ಹೆಂಡತಿ.

"ಎರಡೂ ಕಣೇ. ವಿಮಾನ ಹಾರಿಸೋರು ಹಾಕ್ಕೊಳ್ಳೋದು. ಹೊರಗೆ ಚರ್ಮ, ಒಳಗೆ ಉಣ್ಣೆ."

"ಏಣಿ ಹತ್ತಿದ್ರೇ ತಲೆ ತಿರುಗುತ್ತೆ ಅಂತೀರಿ!"

ಮಾತು ನಿಜವೇ. ಆದರೆ ನಾನು ಕೊಂಡದ್ದು ಹಾರುವುದಕ್ಕಲ್ಲ. ಅಪ್ಪ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್ ಆಗಿದ್ದರು. ಚಳಿಗಾಲದಲ್ಲಿ ಇಂಥದೇ ಕೋಟು ತೊಟ್ಟು ಬರುತ್ತಿದ್ದರು. ಬಾಗಿಲು ತೆರೆದೊಡನೆ ನಾನೂ ಅಕ್ಕನೂ ಎರಡು ಕಡೆಯಿಂದ ಅದರೊಳಗೆ ನುಗ್ಗುತ್ತಿದ್ದೆವು. ಅಪ್ಪ ಆರು ಕಾಲಿನ ಪ್ರಾಣಿಯಾಗಿ ಅಡುಗೆಮನೆಯವರೆಗೂ ನಡೆಯುತ್ತಿದ್ದರು. ಒಂದು ವರ್ಷ ಕೋಟು ಕಾಣಲಿಲ್ಲ. "ಆಫೀಸಿನವರಿಗೆ ವಾಪಸ್ ಕೊಟ್ಟೆ" ಎಂದರು, ಅಷ್ಟೇ.

ಕೊಳೆ ಹಿಡಿದ ಕೋಟನ್ನು ಶುಚಿ ಮಾಡುವುದು ಹೇಗೆಂದು ಚರ್ಮದ ಬ್ಯಾಗು ರಿಪೇರಿ ಮಾಡುವ ಅಜ್ಜನನ್ನು ಕೇಳಿದೆ. "ನೀರಲ್ಲಿ ನೆನೆಸ್ಬೇಡಿ, ಬಿಸಿಲಿಗೆ ಹಾಕ್ಬೇಡಿ. ಸೋಪಿನ ನೊರೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಈ ಮುಲಾಮು. ತೆಳ್ಳಗೆ. ತೆಳ್ಳಗೆ ಅಂದ್ರೆ ತೆಳ್ಳಗೆ!"

ಒರೆಸಿದಷ್ಟೂ ಕೊಳೆ ಬಂತು. ಉಣ್ಣೆಯ ಗಂಟುಗಳನ್ನು ಬಾಚಣಿಗೆಯಿಂದ ಬಿಡಿಸಿದೆ (ಬಾಚಣಿಗೆ ಯಾರದೆಂಬುದನ್ನು ಆಮೇಲೆ ನನಗೆ ವಿವರವಾಗಿ ತಿಳಿಸಲಾಯಿತು). ಬಿರುಕು ಬಿಟ್ಟ ಮೊಣಕೈಗಳು ಮುಲಾಮನ್ನು ಗಟಗಟ ಕುಡಿದವು. ಪಾಪ, ಎಷ್ಟು ವರ್ಷದ ಬಾಯಾರಿಕೆಯೋ ಎಂದು ಇಡೀ ಡಬ್ಬಿ ಬಳಿದುಬಿಟ್ಟೆ.

ಭಾನುವಾರ ಅಮ್ಮ ಬಂದಳು. ಅವಳಿಗೆ ತೋರಿಸಲೆಂದೇ ಕೋಟು ತೊಟ್ಟು, ಗತ್ತಿನಿಂದ ಸೋಫಾಕ್ಕೆ ಒರಗಿ ಕೂತೆ. ಏಳುವಾಗ ಚರ್ರೆಂದು ಸದ್ದಾಯಿತು. ಬಿಳಿ ಕವರಿನ ಮೇಲೆ ಮುಲಾಮಿನಲ್ಲಿ ನನ್ನ ಬೆನ್ನಿನ ಸಮಗ್ರ ಭೂಪಟ!

"ಅಯ್ಯೋ, ಮೊನ್ನೆ ತಾನೇ ಹೊಲಿಸಿದ ಕವರು!" ಎಂದು ಹೆಂಡತಿ ರುದ್ರಾವತಾರ ತಾಳಿದಳು.

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಬೈಬೇಡ ಕಣಮ್ಮಾ. ನಾನು ಇದಕ್ಕಿಂತ ಘನಕಾರ್ಯ ಮಾಡಿದ್ದೀನಿ. ಇವರಪ್ಪನ ಕೋಟನ್ನ ಕುದಿಯೋ ನೀರಲ್ಲಿ ಅದ್ದಿಬಿಟ್ಟಿದ್ದೆ. ಒಣಗಿದ ಮೇಲೆ ಬೊಂಬೆಗೆ ಹಾಕೋ ಹಾಗಾಯ್ತು."

"ಆಫೀಸಿಗೆ ಕೊಟ್ರಲ್ಲಮ್ಮಾ?"

"ಎಲ್ಲಿಯ ಆಫೀಸೋ! ನೀವಿಬ್ರೂ ನನ್ನ ಮೇಲೆ ಮುನಿಸ್ಕೊಳ್ತೀರಿ ಅಂತ ಅವರು ಕಟ್ಟಿದ ಕಥೆ. ಆ ಚಳಿಗಾಲವೆಲ್ಲಾ ಎರಡೆರಡು ಸ್ವೆಟರ್ ಹಾಕ್ಕೊಂಡು ಹೋದ್ರು. ನನಗೆ ಒಂದು ಮಾತೂ ಅನ್ನಲಿಲ್ಲ."

ಹೆಂಡತಿ ಕಣ್ಣೊರೆಸಿಕೊಂಡಳು. "ನೋಡಿದ್ರಾ, ಮಾವನವರ ಗುಣ!"

ಸಮಯ ಸಾಧಿಸಿದೆ. "ಹಾಗಾದ್ರೆ ಸೋಫಾ ವಿಷಯದಲ್ಲಿ ನೀನೂ..."

"ಆ ಗುಣ ಅವರ ಮಗನಿಗೆ ಬರ್ಬೇಕು, ಸೊಸೆಗಲ್ಲ. ಕವರ್ ಬಿಚ್ಚಿ ಒಗೀರಿ!"

ನಾನು ಬಚ್ಚಲಲ್ಲಿ ಕವರು ಉಜ್ಜುತ್ತಿದ್ದೆ. ಹೊರಗೆ ಸದ್ದಿಲ್ಲವೆಂದು ಇಣುಕಿದರೆ ಅಮ್ಮ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ತೋಳು ಬೆರಳು ದಾಟಿ ಜೋತಾಡುತ್ತಿತ್ತು. ಕಾಲರಿನ ಉಣ್ಣೆಗೆ ಕೆನ್ನೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು.

"ಬಿಚ್ಚಮ್ಮಾ, ಬಟ್ಟೆಗೆಲ್ಲಾ ಅಂಟುತ್ತೆ" ಎಂದೆ.

"ಅಂಟಲಿ ಬಿಡು."

ಸಂಜೆ ಅದನ್ನು ತೊಟ್ಟೇ ಬಸ್ಸು ಹತ್ತಿದಳು. ನಾನು ಒದ್ದೆ ಶರ್ಟಿನಲ್ಲಿ ಗಡಗಡ ನಡುಗುತ್ತಾ ಕೈ ಬೀಸಿದೆ.