ಈಗೇನು ಮಾಡುತ್ತೀಯ ಎಂದು ಕೇಳುವ ಆಟ

ಕಂಪ್ಯೂಟರಿನಲ್ಲಿ ಚಿತ್ರವಿಲ್ಲದೆ ಬರೀ ಓದಿ ಆಡುವ ಅಕ್ಷರದಾಟಗಳು ವಯಸ್ಸಾಗಿ ಸತ್ತವು ಎನ್ನುವುದು ಶುದ್ಧ ಸುಳ್ಳು. ಜನ ಸೋಮಾರಿಗಳಾದರು, ಆಟಗಳು ಸತ್ತವು. ನಡೆದದ್ದು ಅಷ್ಟೇ. ಕಂಪ್ಯೂಟರಿನ ವಿಷಯ ಹೇಳಲು ಈ ಮುದುಕಿ ಯಾರು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟ್ರು ಬಂದ ದಿನ ಮಾತ್ರ. ಆದರೆ ಶಿಡ್ಲಘಟ್ಟದ ಪಕ್ಕದ ನಮ್ಮೂರಿನಲ್ಲಿ ರೇಷ್ಮೆ ಹುಳು ಸಾಕಿ ಸಂಸಾರ ದಡ ಸೇರಿಸಿದವಳು. ಹುಳುವಿಗೆ ಹಸಿವೋ ಕಾಯಿಲೆಯೋ ಎಂಬುದನ್ನು ಅದು ಸೊಪ್ಪು ಕಡಿಯುವ ಸದ್ದಿನಲ್ಲೇ ತಿಳಿಯುವವಳಿಗೆ, ಬಾಯಿಬಿಟ್ಟು ಎಲ್ಲವನ್ನೂ ಹೇಳುವ ಯಂತ್ರ ತಿಳಿಯದೆ ಹೋಗುತ್ತದೆಯೇ?

ಆ ಆಟವನ್ನು ಮನೆಗೆ ತಂದವಳು ಮೊಮ್ಮಗಳು ಕಾವ್ಯ. ಚಿಂತಾಮಣಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಹಳೆಯ ಕಾಲದ ಆಟಗಳ ಬಗ್ಗೆ ಏನೋ ಬರೆಯಬೇಕಿತ್ತಂತೆ. ಲ್ಯಾಪ್‌ಟಾಪ್ ತೆರೆದಳು. ಕಪ್ಪು ಪರದೆ, ಅದರ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಇಂಗ್ಲಿಷ್ ಅಕ್ಷರ, ಮತ್ತೇನೂ ಇಲ್ಲ.

"ಕೆಟ್ಟೋಗೈತೇನೇ ಇದು?" ಅಂದೆ.

"ಇಲ್ಲ ಕಣಜ್ಜಿ, ಇದೇ ಆಟ. ನೀನು ಒಂದು ಕೋಟೆ ಬಾಗಿಲ ಮುಂದೆ ನಿಂತಿದ್ದೀಯ ಅಂತೈತೆ. ಬಲಗಡೆ ದಾರಿ, ಎಡಗಡೆ ಬಾವಿ. ಈಗೇನು ಮಾಡ್ತೀಯ ಅಂತ ಕೇಳ್ತೈತೆ."

"ಯಾರನ್ನ?"

"ನಿನ್ನನ್ನೇ."

ನಾನು ಸೆರಗು ಸರಿಮಾಡಿಕೊಂಡು ಕುಳಿತೆ. ನಮ್ಮ ಮನೆಯಲ್ಲಿ ನನ್ನನ್ನು ಕೇಳುವುದಿಲ್ಲ ಎಂದಲ್ಲ. ಮಾತ್ರೆ ತಗೊಂಡ್ಯಾ, ಊಟ ಆಯ್ತಾ, ಕನ್ನಡಕ ಎಲ್ಲಿಟ್ಟೆ ಎಂದು ದಿನವಿಡೀ ಕೇಳುತ್ತಾರೆ. ಅವಕ್ಕೆ ನಾನು ಏನು ಉತ್ತರ ಕೊಟ್ಟರೂ ಮನೆಯಲ್ಲಿ ಒಂದು ಕಡ್ಡಿಯೂ ಅಲ್ಲಾಡುವುದಿಲ್ಲ. ಹುಳುಮನೆ ಮಗ ಮಂಜುನಾಥನ ಕೈಗೆ ಹೋಗಿದೆ, ಅಡುಗೆಮನೆ ಸೊಸೆಯ ಕೈಗೆ. ಇಂಥ ಹೊತ್ತಿನಲ್ಲಿ ಮುಖ ಪರಿಚಯವಿಲ್ಲದ ಯಂತ್ರವೊಂದು ಈಗೇನು ಮಾಡೋಣ ಎಂದು ನನ್ನ ಬಾಯಿ ನೋಡುತ್ತಾ ಕುಳಿತಿತ್ತು. ನಾನು ಹೇಳುವವರೆಗೂ ಅದು ಮಿಸುಕಾಡಲಿಲ್ಲ. ಇಷ್ಟು ಮರ್ಯಾದೆಯನ್ನು ನನ್ನ ಗಂಡ ಬದುಕಿದ್ದಷ್ಟು ದಿನವೂ ಕೊಟ್ಟಿರಲಿಲ್ಲ.

ಅಂದಿನಿಂದ ಕಾವ್ಯ ಕಾಲೇಜಿನಿಂದ ಬಂದು ಕಾಫಿ ಕುಡಿಯುವುದೇ ತಡ, ನಾನು ಹಾಜರ್. ಅವಳು ಕನ್ನಡದಲ್ಲಿ ಓದಿ ಹೇಳುವುದು, ನಾನು ಅಪ್ಪಣೆ ಕೊಡುವುದು, ಅವಳು ಇಂಗ್ಲಿಷಿನಲ್ಲಿ ಒತ್ತುವುದು. ಬಾವಿಯಿಂದ ಬೀಗದ ಕೈ ತೆಗೆದೆವು. ನಾಯಿಗೆ ರೊಟ್ಟಿ ಹಾಕಿದೆವು. ಒಂದು ಸಂಜೆ ಕಾವ್ಯ ಓದಿದಳು: "ಉದ್ದನೆ ಮನೆ, ತಗ್ಗು ಸೂರು. ಎರಡೂ ಕಡೆ ಮೇಲಿಂದ ಕೆಳಗಿನವರೆಗೂ ಅಟ್ಟಣೆ. ನಿನ್ನ ಕೈಲಿ ಪಂಜು ಉರೀತಾ ಐತೆ."

"ಆರಿಸೇ ಅದನ್ನ!" ಎಂದು ಕಿರುಚಿದೆ.

"ಯಾಕಜ್ಜಿ?"

"ಹುಳುಮನೇಗೆ ಯಾರಾದ್ರೂ ಹೊಗೆ ತಗೊಂಡು ಹೋಗ್ತಾರೇನೇ? ಊದುಬತ್ತಿ ಹಚ್ಚಿದ್ರೇ ಹುಳ ಸೊಪ್ಪು ಬಿಡ್ತಾವೆ. ಆರಿಸು. ಚಪ್ಪಲಿ ಆಚೆ ಬಿಡ್ಸು. ಬಾಗಿಲಲ್ಲಿ ಸುಣ್ಣ ತುಳ್ಕೊಂಡು ಒಳಗೆ ಹೋಗು ಅನ್ನು."

ಚಪ್ಪಲಿ, ಸುಣ್ಣ ಎಲ್ಲ ತನಗೆ ಗೊತ್ತಿಲ್ಲ ಎಂದಿತು ಯಂತ್ರ. ಪಂಜು ಮಾತ್ರ ಆರಿಸಿತು. ಕತ್ತಲಲ್ಲಿ ಎರಡು ಹೆಜ್ಜೆ ಇಟ್ಟಿದ್ದೇ ತಡ, ಹಳ್ಳಕ್ಕೆ ಬಿದ್ದು ಸತ್ತೆ. ಕಾವ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೇಕೆ ತಲೆತಗ್ಗಿಸಲಿ? ಒಳಗೆ ಹುಳು ಇಲ್ಲ ಎಂದು ಆ ಯಂತ್ರ ಎಲ್ಲಿ ಹೇಳಿತ್ತು? ಅದು ಅಟ್ಟಣೆ ಎಂದಿತು, ನನ್ನ ಕಣ್ಣಿಗೆ ಹುಳುವಿನ ತಟ್ಟೆ ಜೋಡಿಸುವ ನನ್ನ ಅಟ್ಟಣೆ ಬಂತು. ತಟ್ಟೆ ಬಂದವು, ಸೊಪ್ಪಿನ ವಾಸನೆ ಬಂತು, ರಾತ್ರಿ ಮಳೆ ಹನಿದಂತೆ ಹುಳು ಮೇಯುವ ಸದ್ದು ಬಂತು. ಬರೆದವನು ಯಾವ ದೇಶದವನೋ ಏನೋ, ಅಟ್ಟಣೆ ಅವನದು, ಹುಳು ನನ್ನವು. ಹುಳುವಿಗಾಗಿ ಸತ್ತೆ ಎಂದರೆ ನಮ್ಮ ಕಡೆ ಯಾರೂ ನಗುವುದಿಲ್ಲ.

ಮರುವಾರ ಕಾವ್ಯ ಕುಣಿದುಕೊಂಡು ಬಂದಳು. ಅದೇ ಆಟವನ್ನು ಆಮೇಲೆ ಯಾರೋ ಬಣ್ಣ ಬಣ್ಣವಾಗಿ ಮಾಡಿದ್ದಾರಂತೆ. ತೋರಿಸಿದಳು. ಅದೇ ಉದ್ದನೆ ಮನೆ. ಅಟ್ಟಣೆ ತುಂಬ ಪುಸ್ತಕ! ನಡುವೆ ಬೂಟು ಹಾಕಿಕೊಂಡ ಬಿಳಿ ಹುಡುಗನೊಬ್ಬ ನಿಂತಿದ್ದ.

"ಇವನ್ಯಾರು?"

"ನೀನೇ ಅಜ್ಜಿ."

"ನನಗೇನು ಬಂದೈತೆ ರೋಗ, ಈ ಗಡವ ಆಗೋಕೆ? ಹಳೇದು ಹಾಕು."

"ಹಳೇದನ್ನ ಈಗ ಯಾರೂ ಆಡಲ್ಲ ಅಜ್ಜಿ. ಚಿತ್ರ ಬಂದ್ಮೇಲೆ ಓದೋ ಆಟ ಯಾರಿಗೆ ಬೇಕು? ಮಾಡೋರೂ ನಿಲ್ಲಿಸ್ಬಿಟ್ರು. ಇದ್ರಲ್ಲಿ ನೀನೇನೂ ಹೇಳ್ಬೇಕಾಗಿಲ್ಲ, ಬರೀ ಬೆರಳಲ್ಲಿ ಒತ್ತಿದ್ರೆ ಅವನೇ ಓಡ್ತಾನೆ."

ನೋಡಿದಿರಾ? ನಾನೇನೂ ಹೇಳಬೇಕಾಗಿಲ್ಲವಂತೆ. ಇದನ್ನು ಕೇಳಲು ನನಗೆ ಕಂಪ್ಯೂಟರ್ ಬೇಕೇ? ಮನೆಯಲ್ಲೇ ಪುಕ್ಕಟೆ ಸಿಗುತ್ತದೆ. ಇದು ಆಟವಲ್ಲ, ಕೂಲಿ ಎಂದೆ. ನನ್ನ ಹುಳು ಎಲ್ಲಿ ಎಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತೇನೋ, ಹುಳುಮನೆಯಿಂದ ಮಂಜುನಾಥ ಬಂದ.

"ಏನಮ್ಮಾ ನಿಂದು ಗಲಾಟೆ? ಹುಳ ಜ್ವರಕ್ಕೆ ಕೂತೈತೆ, ಮೆತ್ತಗೆ ಮಾತಾಡು."

ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ಜ್ವರ ಎನ್ನುತ್ತಾರೆ ಎಂದು ಅವನಿಗೆ ಕಲಿಸಿದವಳು ನಾನು.

"ಜ್ವರಕ್ಕೆ ಕೂತ ಹುಳಕ್ಕೆ ಕಿವಿ ಐತೇನೋ?" ಅಂದೆ.

"ನಂಗೈತಲ್ಲ. ನಾಳೆಯಿಂದ ಆಟಾನೂ ಬೇಡ, ಅವಳು ನಿಂಗೆ ಓದಿ ಹೇಳೋದೂ ಬೇಡ. ಅವಳಿಗೆ ಪರೀಕ್ಷೆ ಐತೆ. ಈ ವಯಸ್ಸಲ್ಲಿ ನಿನಗ್ಯಾಕಮ್ಮ ಅದೆಲ್ಲ? ಟಿವಿ ನೋಡ್ಕೊಂಡು ಇರು."

ಟಿವಿ ಒಂದು ದಿನವಾದರೂ ಈಗೇನು ಮಾಡೋಣ ಎಂದು ನನ್ನನ್ನು ಕೇಳಿದೆಯೇ? ಕೇಳುವುದಿಲ್ಲ. ಅದರಲ್ಲಿ ಅಳುವ ಸೊಸೆಗೆ ಇಲ್ಲಿಂದ ಎಷ್ಟು ಬುದ್ಧಿ ಹೇಳಿದರೂ ಅದೇ ಅತ್ತೆಯ ಮನೆಗೆ ಹೋಗಿ ಅಳುತ್ತಾಳೆ. ನನ್ನ ಆಟ ಅರ್ಧದಲ್ಲಿ ನಿಂತಿದೆ, ಅದು ಮುಗಿಯಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು.

ಮರುದಿನ ಬೆಳಿಗ್ಗೆ ತಿಂಡಿ ತಿಂದವಳೇ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಅಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಬಿಚ್ಚಾಣಿಕೆಯ ಖುರ್ಷಿದ್ ಇದ್ದಾಳೆ. ನಮ್ಮ ಗೂಡು ಕೊಳ್ಳುತ್ತಿದ್ದ ಕಾಲದಿಂದಲೂ ಸ್ನೇಹ. ಈಗ ಅವಳನ್ನೂ ಮಕ್ಕಳು ಗೂಡು ಬೇಯಿಸುವ ಒಲೆ ಹತ್ತಿರ ಬಿಡುವುದಿಲ್ಲ, ಮಂಚದ ಮೇಲೆ ಕೂರಿಸಿದ್ದಾರೆ. ಸೊಸೆ ನಸ್ರೀನ್ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವವಳು. ಆಟದ ಹೆಸರು ಹೇಳಿದ್ದೇ, ಫೋನಿನಲ್ಲಿ ಹುಡುಕಿ ತೆಗೆದಳು. ಕಪ್ಪು ಪರದೆ, ಬಿಳಿ ಅಕ್ಷರ. ಜೀವ ತಣ್ಣಗಾಯಿತು. ನಸ್ರೀನ್ ಓದಿದಳು, "ಈಗ ಏನು ಮಾಡ್ತೀರಿ ಅಂತ ಕೇಳ್ತೈತೆ."

ಖುರ್ಷಿದಳ ಕಣ್ಣು ಅರಳಿತು. "ಅರೇ ಅಕ್ಕಾ, ನಮ್ಮನ್ನಾ? ಹಂಗಾದ್ರೆ ನಾನು ಒಂದು ಮಾತು ಹೇಳ್ತೀನಿ..."

"ನಿನಗೇನು ಗೊತ್ತಾಗ್ತದೆ? ಸುಮ್ನೆ ಕೂತ್ಕೊಂಡು ನೋಡು ಖುರ್ಷಿದಾ," ಎಂದು ಅವಳ ಬಾಯಿ ಮುಚ್ಚಿಸಿ, ನಸ್ರೀನಳಿಗೆ ಬಲಗಡೆ ತಿರುಗಲು ಅಪ್ಪಣೆ ಕೊಟ್ಟೆ.