ಮಂಗಳಾರತಿಗೊಂದು ಹಳದಿ ಗೆರೆ

ನಮ್ಮ ಸೋದರಮಾವ ಗುಡಿಯ ಹನುಮಂತನನ್ನೂ ಸಾಲಿನಲ್ಲಿ ನಿಲ್ಲಿಸಿಬಿಡುತ್ತಿದ್ದರು. ವಿಗ್ರಹವನ್ನು ಸಿಮೆಂಟು ಹಾಕಿ ಕೂರಿಸಿದ್ದರಿಂದ, ಪಾಪ, ದೇವರು ಬಚಾವಾದ!

ಮಾವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಸೈರನ್ ಕೂಗಿದರೆ ಕೆಲಸ, ಕೂಗಿದರೆ ಊಟ, ಮತ್ತೆ ಕೂಗಿದರೆ ಮನೆ. ಭಾನುವಾರ ಸೈರನ್ ಇರುವುದಿಲ್ಲವಲ್ಲ, ಅವತ್ತು ಅತ್ತೆಯ ಕುಕ್ಕರ್ ಕೂಗಿದ ತಕ್ಷಣ ಎದ್ದು ಕೈ ತೊಳೆಯುತ್ತಿದ್ದರು! ಇಂಥವರಿಗೆ ಲಗ್ಗೆರೆಯ ನಮ್ಮ ಗುಡಿಯ ಶನಿವಾರದ ಭಜನೆ ಹೇಗೆ ತಾನೇ ಒಗ್ಗೀತು? ತಾಳ ಒಂದು ಕಡೆ, ಹಾಡು ಇನ್ನೊಂದು ಕಡೆ, ನಡುವೆ ರಾಗಿ ರೇಟು, ಓವರ್‌ಟೈಮಿನ ವಿಚಾರ. ಮಂಗಳಾರತಿ ಬಂತೋ, ಸಿಟಿ ಬಸ್ಸು ಹತ್ತುವ ನೂಕುನುಗ್ಗಲು!

ಆ ನೂಕಾಟದಲ್ಲಿ ಸೋಲುತ್ತಿದ್ದವಳು ನನ್ನ ಅಮ್ಮ, ಮಾವನ ತಂಗಿ. ಚಿಕ್ಕಂದಿನಿಂದ ಅವಳ ಎಡಗಾಲಿಗೆ ಬಲವಿಲ್ಲ. ಗೋಡೆ ಹಿಡಿದು ಹಿಂದೆ ನಿಂತಿರುತ್ತಿದ್ದಳು. ತಟ್ಟೆ ಅವಳ ಹತ್ತಿರ ಬರುವಷ್ಟರಲ್ಲಿ ಕರ್ಪೂರ ಆರಿ, ಮಸಿ ಉಳಿದಿರುತ್ತಿತ್ತು.

"ದೇವ್ರು ಎಲ್ಲಿ ನಿಂತ್ರೂ ನೋಡ್ತಾನೆ ಬಿಡಣ್ಣ" ಎನ್ನುತ್ತಿದ್ದಳು.

"ನೋಡಿದ್ರೆ ಸಾಲ್ದು. ನಿನ್ ಕೈಗೆ ಬಿಸಿ ತಾಗ್ಬೇಕು!" ಎಂದು ಮಾವ ಸಿಡುಕುತ್ತಿದ್ದರು.

ಒಂದು ಶನಿವಾರ ಹೋಗಿ ನೋಡುತ್ತೇವೆ, ಗುಡಿಯ ನೆಲದ ಮೇಲೆ ಕಾರ್ಖಾನೆಯಲ್ಲಿರುವಂಥ ಹಳದಿ ಗೆರೆ! ಮಾವನ ಕೊರಳಲ್ಲಿ ಸೀಟಿ!

"ಗೆರೆ ದಾಟ್ಬಾರ್ದು. ಒಬ್ರ ಹಿಂದೆ ಒಬ್ರು. ಮಾತಾಡಿದ್ರೆ ಹೊರಗೆ!"

ನೂಕುವುದರಲ್ಲಿ ಊರಿಗೇ ಹೆಸರಾದ ಗೌಡರ ಮನೆ ಅಜ್ಜಿ ಕೆರಳಿದರು. "ಏನಪ್ಪಾ ಇಂಗೆ? ನಮ್ಮಪ್ಪ ಕಟ್ಸಿದ್ ಗುಡೀಲಿ ನಂಗೇ ಸೀಟಿ ಊದ್ತೀಯಾ?"

"ಗುಡಿ ನಿಮ್ದು, ಸಾಲು ನಂದು ಕಣಜ್ಜಿ" ಎಂದು ಮಾವ ಊದಿಯೇಬಿಟ್ಟರು. ಅಜ್ಜಿ ಗೊಣಗುತ್ತಾ ಸಾಲಿನ ನಡುವೆ ನಿಂತರು. ಕುಂಟುತ್ತಾ ಬಂದ ಅಮ್ಮನಿಗೆ ಸಿಕ್ಕಿದ್ದು ಕಟ್ಟಕಡೆಯ ಜಾಗ. ಮುಂದೆ ಕರೆಯಿರಿ ಎಂದು ಮಾವನಿಗೆ ಹೇಳಿದೆ.

"ನನ್ ತಂಗಿ ಅಂತ ಮುಂದೆ ತಂದ್ರೆ ಅದು ಸಾಲೇ ಅಲ್ಲ ಕಣೋ!"

ಮಂಗಳಾರತಿ ಶುರುವಾಯಿತು. ಎಂಥ ಮೌನ, ಎಂಥ ಭಕ್ತಿ! ಆದರೆ ಹಿಂದಿನಿಂದ ನೂಕುವವರಿಲ್ಲದಿದ್ದರೆ ಬೇಡಿಕೆಗಳಿಗೆ ಕೊನೆಯುಂಟೇ? ಒಬ್ಬೊಬ್ಬರೂ ಕಣ್ಣು ಮುಚ್ಚಿ ಬೋನಸ್ಸು, ಬೋರ್‌ವೆಲ್ಲು, ಮಗಳಿಗೆ ಗಂಡು ಎಲ್ಲವನ್ನೂ ಸಾವಕಾಶವಾಗಿ ಕೇಳತೊಡಗಿದರು. ಇನ್ನೇನು ಅಜ್ಜಿಯ ಸರದಿ, ಕರ್ಪೂರ ಆರಿಹೋಯಿತು. ಅರ್ಚಕರು ಡಬ್ಬಿ ಕೊಡವಿದರು. ಬಿದ್ದದ್ದು ಕೊನೆಯ ಒಂದೇ ಬಿಲ್ಲೆ.

ಮಾವ ತಂಗಿಯ ಕಡೆ ನೋಡಿದರು. ಅಷ್ಟು ಸಣ್ಣಗಾದ ಅವರ ಮುಖವನ್ನು ನಾನು ನೋಡಿರಲಿಲ್ಲ. ತಾವೇ ಎಳೆದ ಗೆರೆ, ದಾಟುವ ಹಾಗಿಲ್ಲ!

ಅಜ್ಜಿ ಅವರ ಮುಖ ನೋಡಿದರು, ಹಿಂದೆ ನಿಂತ ಅಮ್ಮನನ್ನೂ ನೋಡಿದರು. ಅರ್ಚಕರು ಬಿಲ್ಲೆ ಹಚ್ಚಿ ತಟ್ಟೆ ಚಾಚಿದರೆ ಕೈ ಒಡ್ಡಲೇ ಇಲ್ಲ. ಗಿರಕ್ಕನೆ ತಿರುಗಿ ಕೂಗಿದರು: "ಎಲ್ರೂ ಇಂದಕ್ ತಿರುಗ್ರೋ! ಕಡೇಲಿರೋಳ್ಗೆ ಮೊದ್ಲು ಆರ್ತಿ!"

ಇಡೀ ಸಾಲು ನಿಂತಲ್ಲೇ ತಿರುಗಿತು. ಒಬ್ಬರೂ ಜಾಗ ಬಿಡಲಿಲ್ಲ, ಒಬ್ಬರೂ ನೂಕಲಿಲ್ಲ. ಹಳದಿ ಗೆರೆ ದಾಟಿದವರು ಅರ್ಚಕರೊಬ್ಬರೇ! ಮಾವ ಸೀಟಿಯನ್ನು ಬಾಯಿಗಿಟ್ಟರು. ಬರೀ ಗಾಳಿ ಬಂತು.

ಅಮ್ಮ ಗೋಡೆ ಬಿಟ್ಟು ಎರಡೂ ಕೈ ಚಾಚಿದಳು. ಚಾಚಿದವಳು ಚಟ್ಟನೆ ಹಿಂದೆಳೆದುಕೊಂಡು, ಮಗುವಿನಂತೆ ನಕ್ಕಳು.

"ಅಣ್ಣಾ, ಬಿಸಿ ಇದೆ ಕಣೋ!"